ಎಲ್ಲಿಗೆ ಎಂದು ಕೇಳಿದ ಫೋನು

ಹರಿಹರದ ಬಸ್ ನಿಲ್ದಾಣದಲ್ಲಿ, ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ, ಅಕ್ಕ ಆ ಮಾತು ಹೇಳಿದಳು ಎಂದು ನನ್ನ ನೆನಪು. ನನ್ನ ಗೆಳೆಯನ ನೆನಪಿನಲ್ಲಿ ಮಳೆಯಿಲ್ಲ. ಅಲ್ಲಿ ಬಿಸಿಲಿದೆ, ದಾವಣಗೆರೆಯ ಮಂಡಕ್ಕಿ ಅಂಗಡಿಯಿದೆ, ಮಿರ್ಚಿಯ ಖಾರಕ್ಕೆ ಅವನ ಕಣ್ಣಲ್ಲಿ ಬಂದ ನೀರಿದೆ. ಶಿವರಾತ್ರಿಯ ಆಸುಪಾಸಿನಲ್ಲಿ ನಿನ್ನ ಮಳೆ ಎಲ್ಲಿಂದ ಬಂತು ಎಂದು ಅವನು ಕೇಳುತ್ತಾನೆ. ಕೊನೆಗೆ ಅಕ್ಕನನ್ನೇ ಕೇಳಿದೆ.

"ನಾನಾ ಹೇಳಿದ್ದು? ಇದ್ರೂ ಇರಬೋದು. ನಿಮ್ಮಿಬ್ರಿಗೂ ದಿನಾ ಏನಾರ ಒಂದು ಹೇಳ್ತಾನೇ ಇದ್ದೆ" ಎಂದು ಅವಳು ಚಹಾ ಸೋಸುವುದನ್ನು ಮುಂದುವರಿಸಿದಳು.

ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಸಾಕ್ಷಿಯಿಲ್ಲದ ಮಾತನ್ನು ನಂಬಬಾರದು ಎಂದು ಅಲ್ಲಿ ಕಲಿತೆ. ನನ್ನ ನೆನಪೇ ಅಷ್ಟೊಂದು ಕೆಟ್ಟ ಸಾಕ್ಷಿ ಎಂದು ಯಾರೂ ಕಲಿಸಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಮಳೆ, ಬಿಸಿಲು, ಯಾರು ಎಲ್ಲಿ ಕೂತಿದ್ದರು ಎಂಬುದನ್ನೆಲ್ಲ ಓದುವವರು ಸಡಿಲವಾಗಿ ಹಿಡಿದುಕೊಳ್ಳಬೇಕು. ಒಂದನ್ನು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ಆ ಯುಗಾದಿಗೆ ಮುಚ್ಚಿಹೋಗಬೇಕಿದ್ದ ನಮ್ಮ ಆ್ಯಪ್ ಅನ್ನು ಮುಚ್ಚಲು ನಾನು ಒಪ್ಪಲಿಲ್ಲ.

ಆ್ಯಪ್ ಕಟ್ಟಿದ್ದು ನಾನು ಮತ್ತು ಗೆಳೆಯ. ಅವನು ಹರಿಹರದ ಹತ್ತಿರದ ಹಳ್ಳಿ ಭಾನುವಳ್ಳಿಯವನು. ಮನೆಯಲ್ಲಿ ನಾಲೆ ನೀರಿನ ಭತ್ತದ ಗದ್ದೆ, ಕೈಯಲ್ಲಿ ಕಂಪ್ಯೂಟರ್ ಪದವಿ. ನಾನು ಸಂಶೋಧನೆಗೆ ಸೇರಿ ಅರ್ಧಕ್ಕೆ ಬಿಟ್ಟವನು, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಅದನ್ನೂ ಬಿಟ್ಟವನು, ನಡುವೆ ಗೆಳೆಯರ ಜೊತೆ ಜೇನು ಮಾರಲು ಹೋಗಿ ಅಲ್ಲಿಂದಲೂ ಎದ್ದು ಬಂದವನು. ಯಾವುದರಲ್ಲೂ ಕಾಲು ನಿಲ್ಲುತ್ತಿರಲಿಲ್ಲ. ಮಳೆಗಾಲದ ಒಂದು ಸಂಜೆ ಇಬ್ಬರೂ ಕೂತು ದಾವಣಗೆರೆ, ಹರಿಹರ ಎರಡೂ ಊರುಗಳಿಗೆ ಒಂದು ಚೆಕ್-ಇನ್ ಆ್ಯಪ್ ಮಾಡೋಣ ಎಂದುಕೊಂಡೆವು. ಎಲ್ಲಿಗಾದರೂ ಹೋದಾಗ ಫೋನಿನಲ್ಲಿ 'ಬಂದೆ' ಎಂಬ ಗುಂಡಿ ಒತ್ತಬೇಕು. ಪರಿಚಯದವರಿಗೆ ನೀವು ಎಲ್ಲಿದ್ದೀರಿ ಎಂದು ಕಾಣುತ್ತದೆ, ನಿಮಗೆ ಅಂಕ ಬರುತ್ತದೆ. ಹೆಚ್ಚು ಸಲ ಹೋದವರ ಹೆಸರು ಆ ಜಾಗದ ಮೇಲೆ ಕಿರೀಟದ ಚಿತ್ರದೊಂದಿಗೆ ನಿಲ್ಲುತ್ತದೆ. ಬೆಣ್ಣೆದೋಸೆ ಹೋಟೆಲುಗಳು, ಪಾರ್ಕುಗಳು, ಹರಿಹರದ ಹೊಳೆ ದಂಡೆ, ಎಲ್ಲವನ್ನೂ ಬೈಕಿನಲ್ಲಿ ಸುತ್ತಿ ನಾವೇ ಗುರುತು ಹಾಕಿದೆವು.

ಮೊದಲು ಜನ ಮುಗಿಬಿದ್ದರು. ಕಾಲೇಜಿನ ಹುಡುಗರು ದೋಸೆ ಹೋಟೆಲಿನ ಒಳಗೇ ಹೋಗದೆ, ಬೈಕ್ ನಿಧಾನ ಮಾಡಿ, ಗುಂಡಿ ಒತ್ತಿ, ಅಂಕ ತೆಗೆದುಕೊಂಡು ಮುಂದಿನ ಹೋಟೆಲಿಗೆ ಹಾರುತ್ತಿದ್ದರು. ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ಇಬ್ಬರು ಹಿರಿಯರು ಕಿರೀಟಕ್ಕಾಗಿ ಪೈಪೋಟಿಗೆ ಬಿದ್ದರು. ಒಬ್ಬರದು ಜವಳಿ ವ್ಯಾಪಾರ, ಇನ್ನೊಬ್ಬರದು ಅಕ್ಕಿ ಗಿರಣಿ. ಜವಳಿಯವರು ಒಂದು ದಿನ ನನ್ನನ್ನು ಗೇಟಿನಲ್ಲೇ ಹಿಡಿದು ನಿಲ್ಲಿಸಿದರು.

"ಏನ್ರೀ, ನಿಮ್ಮ ಆ್ಯಪಿಗೆ ಕಣ್ಣು ಐತೋ ಇಲ್ಲೋ? ನಾನು ಬೆವರು ಸುರಿಸ್ಕೊಂಡು ಸುತ್ತು ಹಾಕ್ತೀನಿ. ಆ ಗಿರಣಿ ಸಾಹೇಬ್ರು ಬೆಂಚಿನ ಮ್ಯಾಲೆ ಪೇಪರ್ ಓದ್ತಾರೆ. ಕಿರೀಟ ಅವ್ರಿಗೆ!"

"ಸರ್, ಅದು ಪಾರ್ಕಿಗೆ ಬಂದದ್ದಕ್ಕೆ ಕೊಡೋದು, ನಡೆದದ್ದಕ್ಕಲ್ಲ."

"ಹಂಗಾದ್ರೆ ಕಿರೀಟ ಬೆಂಚಿಗೇ ಕೊಡ್ರಿ. ಅದು ನಮ್ಮಿಬ್ರಿಗಿಂತ ಮೊದ್ಲೇ ಬಂದು ಕೂತಿರ್ತೈತೆ."

ಅವರು ಆ್ಯಪ್ ತೆಗೆದುಹಾಕಿದರು. ಎದುರಾಳಿ ಇಲ್ಲದ ಕಿರೀಟದಲ್ಲಿ ಏನು ಸುಖ ಎಂದು ಗಿರಣಿಯವರೂ ತೆಗೆದರು. ಪಾರ್ಕಿಗೆ ಬರುವಾಗ ಹೋಗುವಾಗ ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದ ಆ ಇಬ್ಬರೂ ಈಗ ಬೇರೆ ಬೇರೆ ಹೊತ್ತಿಗೆ ಬರತೊಡಗಿದ್ದರು ಎಂದು ಆಮೇಲೆ ತಿಳಿಯಿತು.

ದೀಪಾವಳಿಯ ಹೊತ್ತಿಗೆ ಹುಡುಗರಿಗೂ ಬೇಸರ ಬಂದಿತ್ತು. ದಿನಕ್ಕೆ ಎಷ್ಟು ಜನ ಗುಂಡಿ ಒತ್ತುತ್ತಾರೆ ಎಂಬ ಗ್ರಾಫನ್ನು ಗೆಳೆಯ ನನ್ನ ಮುಂದೆ ಹಿಡಿದ.

"ನೋಡಲೇ. ಬೇಸಿಗ್ಯಾಗ ನಮ್ಮೂರ ನಾಲೆ ಇದ್ದಂಗೈತೆ."

"ನಾಲೆಗೆ ಮತ್ತೆ ನೀರು ಬಿಡ್ತಾರಲ್ಲ."

"ಡ್ಯಾಮಿನಾಗ ಇದ್ರೆ ಬಿಡ್ತಾರೆ. ನಮ್ಮ ಡ್ಯಾಮ್ ಎಲ್ಲೈತೆ ತೋರ್ಸು."

ಅವನಿಗೆ ಗುತ್ತೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸದ ಮಾತು ನಡೆದಿತ್ತು. ಯುಗಾದಿಯ ತನಕ ನೋಡೋಣ, ಜನ ನಿಲ್ಲದಿದ್ದರೆ ಮುಚ್ಚಿಬಿಡೋಣ ಎಂದ. ಸಿಟ್ಟಿನಿಂದ ಹೇಳಲಿಲ್ಲ, ಅದಕ್ಕೇ ಆ ಮಾತು ಹೆಚ್ಚು ತಾಗಿತು. ನಾನು ಬಿಟ್ಟುಬಂದ ಕೆಲಸಗಳ ಸಾಲು ಅವನಿಗೂ ಗೊತ್ತಿತ್ತು. ಇದು ಆ ಸಾಲಿಗೆ ಸೇರುವುದಿಲ್ಲ ಎಂದು ಅವತ್ತೇ ನನ್ನೊಳಗೆ ನಿರ್ಧಾರವಾಯಿತು. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಆಗ ಬಂದದ್ದು ಧ್ವನಿಯ ಉಪಾಯ. ಅದು ಯಾರ ತಲೆಯಲ್ಲಿ ಹುಟ್ಟಿತು ಎಂಬುದರಲ್ಲಿ ಇಂದಿಗೂ ಒಮ್ಮತವಿಲ್ಲ. ಅದು ನಿನ್ನದೇ ಎಂದು ಅವನು ಹೇಳುತ್ತಾನೆ, ಅಲ್ಲ ನಿನ್ನದು ಎಂದು ನಾನು. ಜನ ಗುಂಡಿ ಒತ್ತಲು ಮರೆಯುತ್ತಾರೆ, ಆದ್ದರಿಂದ ಅವರು ಮನೆ ಬಿಟ್ಟು ಹೊರಟ ಕೂಡಲೇ ಫೋನು ನೆನಪಿಸಬೇಕು. ಅದೂ ಟಿಂಗ್ ಎನ್ನುವ ಸದ್ದಲ್ಲ, ನಮ್ಮ ಕಡೆಯ ಮಾತು. ಗೆಳೆಯ ತನ್ನದೇ ಗಂಟಲಿನಲ್ಲಿ, ಭಾನುವಳ್ಳಿಯ ಕಟ್ಟೆಯ ಮೇಲೆ ಕೂತವನ ಹಾಗೆ ಗಟ್ಟಿಯಾಗಿ, "ಎಲ್ಲಿಗೆ ಹೊಂಟ್ರಿ?" ಎಂದು ಕೇಳಿದ್ದನ್ನು ರೆಕಾರ್ಡ್ ಮಾಡಿದೆವು. ಕೇಳಿ ಕೇಳಿ ನಕ್ಕೆವು. ಇಷ್ಟು ಆತ್ಮೀಯವಾಗಿ ಯಾವ ಆ್ಯಪ್ ಮಾತಾಡಿಸುತ್ತದೆ ಎಂದು ಬೀಗಿದೆವು.

ಅದನ್ನು ಹಾಕಿದ ವಾರದಲ್ಲಿ ಉಳಿದಿದ್ದವರೂ ಕಳಚಿಕೊಳ್ಳತೊಡಗಿದರು.

ನನ್ನ ಅಕ್ಕನ ಮನೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿದೆ. ಬಿ.ಕಾಂ. ಓದಿದ್ದಾಳೆ. ಮಗಳು ಹೈಸ್ಕೂಲಿಗೆ ಸೇರಿದ ಮೇಲೆ ಹರಿಹರದ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಹಿಡಿದಿದ್ದಳು. ಮನೆಯ ತಿರುವಿನಿಂದಾಚೆ ನಿಂತು ಬೆಳಗಿನ ಬಸ್ ಹತ್ತಿದರೆ ಕಚೇರಿಗೆ ಸರಿಯಾದ ಹೊತ್ತಿಗೆ ಮುಟ್ಟುತ್ತಿದ್ದಳು. ನಮ್ಮ ಆ್ಯಪಿನ ಮೊದಲ ದಿನದಿಂದಲೂ ತಪ್ಪದೆ ಗುಂಡಿ ಒತ್ತುತ್ತಿದ್ದವಳು ಅವಳು. ಅವಳ ಹೆಸರು ಕಾಣದಿದ್ದಾಗ ನಾನು ಸಂಜೆ ಮನೆಗೆ ಹೋದೆ. ಬಾಗಿಲಲ್ಲೇ ಶುರುವಾಯಿತು.

"ಬಾ ತಮ್ಮಾ, ಬಾ. ನಿನ್ನ ದೆಸೆಯಿಂದ ಎರಡು ಸಲ ಬಸ್ ತಪ್ಪೈತೆ ನಂಗೆ."

"ನಾನೇನು ಮಾಡಿದೆ?"

"ಚಪ್ಪಲಿ ಹಾಕ್ಕೊಳ್ತಿದ್ದೆ. ಒಂದು ಕಾಲು ಇನ್ನೂ ಒಳಗೇ ಐತೆ. ಬ್ಯಾಗಿನಾಗಿಂದ ನಿನ್ನ ದೋಸ್ತ ಒದರಿದ, ಎಲ್ಲಿಗೆ ಹೊಂಟ್ರಿ ಅಂತ. ನಮ್ಮತ್ತೆ ಕೇಳಿಸ್ಕೊಂಡ್ರು. ಮುಗೀತು."

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ನಮ್ಮಲ್ಲಿ ಅದು ಎಲ್ಲ ಮನೆಗಳಲ್ಲೂ ಇರುವ ಮಾತು, ನಾನೂ ಕೇಳಿಯೇ ಬೆಳೆದವನು. ತೀರಾ ತಿಳಿಯಬೇಕಿದ್ದರೆ "ದೂರ ಹೊಂಟ್ರಾ?" ಎನ್ನಬೇಕು. ಯಾರಾದರೂ ಬಾಯಿತಪ್ಪಿ ಕೇಳಿದರೆ ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಇಷ್ಟೆಲ್ಲ ಗೊತ್ತಿದ್ದ ಇಬ್ಬರು ವಿದ್ಯಾವಂತರು ಊರಿನ ಎಲ್ಲ ಬಾಗಿಲುಗಳಲ್ಲೂ ನಿಂತು ಗಟ್ಟಿ ದನಿಯಲ್ಲಿ ಅದನ್ನೇ ಕೇಳುವ ಏರ್ಪಾಡು ಮಾಡಿದ್ದೆವು.

ಅಕ್ಕನ ಅತ್ತೆ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಕೂಡಪ್ಪ" ಎಂದರು. "ಆ ಪೆಟಿಗ್ಯಾಗಿನ ಮನುಷ್ಯಗೆ ಮನ್ಯಾಗ ಹಿರೇರು ಯಾರೂ ಇಲ್ಲೇನು? ಹೊಂಟ ಹೆಣ್ಮಗಳನ್ನ ಎಲ್ಲಿಗೆ ಅಂತ ಕೇಳ್ತಾನಲ್ಲ!"

"ಅಮ್ಮಾ, ಅದು ರೆಕಾರ್ಡು."

"ರೆಕಾರ್ಡಾದ್ರೇನು? ಕೇಳಿದ್ದು ಕೇಳಿದ್ದೇ."

ನಾನು ಅಕ್ಕನ ಕಡೆ ತಿರುಗಿದೆ. "ನೀನೂ ಇದನ್ನ ನಂಬ್ತೀಯಾ?"

"ಇಲ್ಲ. ಆದ್ರೆ ಕೇಳಿದ್ರೆ ಕಾಲು ನಿಲ್ತೈತೆ. ನಾನು ನಂಬದಿದ್ರೂ ನನ್ನ ಕಾಲು ನಂಬ್ತೈತೆ, ಏನ್ಮಾಡ್ಲಿ? ಕೂತು ನೀರು ಕುಡಿಯೋದ್ರೊಳಗೆ ಬಸ್ಸು ಹೋಗಿರ್ತೈತೆ."

ನನಗೆ ಅವಳ ಮಾತಿನಲ್ಲಿ ಒಂದು ವಿವರ ಒಪ್ಪಿಗೆಯಾಗಲಿಲ್ಲ. ಮನೆ ಬಿಟ್ಟು, ಬೀದಿಯ ತಿರುವು ದಾಟಿದ ಮೇಲೆಯೇ ಕೇಳುವಂತೆ ನಾವು ಅದನ್ನು ಬರೆದಿದ್ದೆವು. ಹೊಸ್ತಿಲಲ್ಲಿ ಕೇಳಲು ಸಾಧ್ಯವೇ ಇಲ್ಲ ಎಂದೆ.

"ಹಂಗಾದ್ರೆ ನಾನು ಸುಳ್ಳು ಹೇಳ್ತೀನಿ, ನಮ್ಮತ್ತೇನೂ ಸುಳ್ಳು ಹೇಳ್ತಾರೆ. ಸತ್ಯ ನಿಮ್ಮ ಆ್ಯಪ್ ಒಂದೇ."

ಸುಳ್ಳು ಎಂದು ನಾನು ಅಂದುಕೊಳ್ಳಲಿಲ್ಲ. ಶಕುನದ ಕತೆಗೆ ಹೊಸ್ತಿಲು ಬೇಕು, ಆದ್ದರಿಂದ ತಿರುವಿನಲ್ಲಿ ಕೇಳಿದ ದನಿಯನ್ನು ಇಬ್ಬರ ನೆನಪೂ ಹೊಸ್ತಿಲಿಗೆ ಎಳೆದು ತಂದಿದೆ ಎಂದುಕೊಂಡೆ. ಅಕ್ಕ ತಿರುವಿನಿಂದ ವಾಪಸು ಬಂದಿರಬೇಕು, ಅತ್ತೆಗೆ ಆಮೇಲೆ ಹೇಳಿರಬೇಕು. ಇಂಥ ಕಡೆ ನನ್ನ ಓದು ಬಹಳ ಬೇಗ ಕೆಲಸಕ್ಕೆ ಬರುತ್ತದೆ.

ಅಕ್ಕ ಒಬ್ಬಳ ಮಾತಿನ ಮೇಲೆ ಏನನ್ನೂ ಬದಲಾಯಿಸಬಾರದು ಎಂದು, ಬಿಟ್ಟುಹೋದವರನ್ನೇ ಹುಡುಕಿ ಕೇಳಲು ಹೊರಟೆ. ಭಾನುವಳ್ಳಿಯ ಅಂಗಡಿಗಳಲ್ಲಿ ಕೇಳಿದೆ, ಹರಿಹರದಲ್ಲಿ ಕೇಳಿದೆ. ಯಾರೂ ಶಕುನದ ಮಾತೆತ್ತಲಿಲ್ಲ. ಸುಮ್ಮನೆ ತೆಗೆದೆ, ಫೋನಿನಲ್ಲಿ ಜಾಗವಿರಲಿಲ್ಲ, ಏನೋ ಬೇಜಾರಾಯಿತು ಎಂದರು. ಗುತ್ತೂರಿನ ಕಾರ್ಖಾನೆಯ ಗೇಟಿನ ಎದುರು ಚಹಾ ಕುಡಿಯುತ್ತಿದ್ದ ಒಬ್ಬ ಕಾರ್ಮಿಕ ಮಾತ್ರ ನೇರವಾಗಿ ಹೇಳಿದ.

"ಮನ್ಯಾಗ ಹೆಂಡ್ತಿ ಕೇಳ್ತಾಳೆ, ಗೇಟಿನಾಗ ವಾಚ್‌ಮನ್ ಕೇಳ್ತಾನೆ, ಒಳಗೆ ಸೂಪರ್‌ವೈಸರ್ ಕೇಳ್ತಾನೆ. ದುಡ್ಡು ಕೊಟ್ಟು ತಗೊಂಡ ಫೋನೂ ಕೇಳಬೇಕೇನ್ರಿ? ನಿಮಗೆ ಬ್ಯಾರೆ ಕೆಲ್ಸ ಇಲ್ವಾ?"

ಪಕ್ಕದವನು ನಕ್ಕ. "ಇಲ್ಲ ಅಂತ ಕಾಣ್ತೈತೆ. ಅದಕ್ಕೇ ಗೇಟಿನ ಮುಂದೆ ನಿಂತಾರೆ."

ಅಂಕ, ಕಿರೀಟ, ಧ್ವನಿ, ಯಾವುದನ್ನು ಹಾಕಿದರೂ ಜನರಿಗೆ ಸಿಗುತ್ತಿದ್ದುದು ಏನು ಎಂದು ಅಂದು ಮೊದಲ ಬಾರಿ ನನ್ನನ್ನೇ ಕೇಳಿಕೊಂಡೆ. ಗುಂಡಿ ಒತ್ತಿದರೆ ನಮ್ಮ ಗ್ರಾಫ್ ಏರುತ್ತಿತ್ತು. ಒತ್ತಿದವನಿಗೆ ಏನೂ ಆಗುತ್ತಿರಲಿಲ್ಲ.

ಇನ್ನು ಮುಂದಿನದು ಹರಿಹರದ್ದೋ ಮಂಡಕ್ಕಿ ಅಂಗಡಿಯದೋ ನಾನು ಹೇಳಲಾರೆ. ನನ್ನ ನೆನಪಿನಂತೆ, ಒಂದು ಬೆಳಿಗ್ಗೆ ನಾನೂ ಗೆಳೆಯನೂ ಅಕ್ಕನ ಜೊತೆಗೇ ಬಸ್ಸಿನಲ್ಲಿ ಹರಿಹರಕ್ಕೆ ಹೋದೆವು. ಇಳಿದ ಕೂಡಲೇ ಅಕ್ಕ ಫೋನು ತೆಗೆದು ಮನೆಗೆ ಹಚ್ಚಿದಳು. "ಹ್ಞಾಂ ಅತ್ತೆ, ಮುಟ್ಟಿದೆ. ಹ್ಞೂಂ. ಮುಟ್ಟಿದೆ." ಅಷ್ಟೇ, ಇಟ್ಟಳು. ಅವಳ ಹಿಂದೆ ಇಳಿದ ಮುದುಕರೂ ಅದನ್ನೇ ಹೇಳುತ್ತಿದ್ದರು. ಬ್ಯಾಗು ಹೊತ್ತ ಹುಡುಗಿಯೂ ಹೇಳುತ್ತಿದ್ದಳು, ಅಮ್ಮ ಹತ್ತಾರು ಸಲ ಕೇಳ್ತಾಳೆ ಎಂಬ ಸಿಡುಕಿನಲ್ಲಿ. ಇಡೀ ಬಸ್ಸು ಮುಟ್ಟಿದೆ ಮುಟ್ಟಿದೆ ಎಂದು ಗುನುಗುತ್ತಾ ಖಾಲಿಯಾಯಿತು. ಇದನ್ನು ನಾನು ಹುಟ್ಟಿನಿಂದ ಕೇಳುತ್ತಿದ್ದೇನೆ, ಅಂದು ಕೇಳಿಸಿತು.

"ಲೇ" ಎಂದೆ ಗೆಳೆಯನಿಗೆ. "ಇವರೆಲ್ಲ ಚೆಕ್-ಇನ್ ಮಾಡ್ತಿದಾರೆ."

ಅಕ್ಕ ನಮ್ಮಿಬ್ಬರನ್ನೂ ನೋಡಿದಳು. "ಈಗ ಗೊತ್ತಾತಾ? ಹೊಂಟೋರ್ನ ಯಾಕ ಕೇಳ್ತೀರಿ? ಮುಟ್ಟಿದೋರ್ನ ಕೇಳ್ರಿ."

ಆ ಮಾತು ಅದೇ. ಮಳೆಯಲ್ಲೋ ಬಿಸಿಲಲ್ಲೋ, ಅದನ್ನು ಅವಳು ಹೇಳಿದ್ದು ಹೌದು ಎಂಬುದರಲ್ಲಿ ಗೆಳೆಯನಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ.

ಹೊರಡುವಾಗ ಕೇಳುವ ಧ್ವನಿಯನ್ನು ಕಿತ್ತುಹಾಕಿದೆವು. ಅಂಕವನ್ನೂ ಕಿರೀಟವನ್ನೂ ತೆಗೆದೆವು. ಅಂಕ ತೆಗೆಯುವಾಗ ಗೆಳೆಯ ಆ ಸಾಲುಗಳನ್ನು ಅಳಿಸುವ ಮೊದಲು ಒಮ್ಮೆ ಪೂರ್ತಿ ಓದಿದ, ಬಹಳ ಮುತುವರ್ಜಿಯಿಂದ ಬರೆದ ಭಾಗ ಅದು. ಈಗ ಆ್ಯಪಿನಲ್ಲಿ ಉಳಿದದ್ದು ಒಂದೇ ಗುಂಡಿ, 'ಮುಟ್ಟಿದೆ'. ಅದನ್ನು ಒತ್ತಿದರೆ ಊರಿಗೆಲ್ಲ ಕಾಣುವುದಿಲ್ಲ. ನೀವು ಆರಿಸಿದ ಒಬ್ಬರಿಗೆ ಮಾತ್ರ ಹೋಗುತ್ತದೆ. ಅವರು 'ಸರಿ' ಎಂದು ಒತ್ತಿದರೆ ನಿಮಗೆ ತಿಳಿಯುತ್ತದೆ.

ಅಷ್ಟು ಮಾಡಿದ ಮೇಲೆ ನನಗೇ ಅನುಮಾನ ಶುರುವಾಯಿತು. ಇದು ದುಡಿಯಲು ಹೋಗುವ ಹೆಣ್ಣುಮಕ್ಕಳ ಕಾಲಿಗೆ ಕಟ್ಟುವ ಹಗ್ಗವಲ್ಲವೇ? ಮನೆಯವರಿಗೆ ಕಾವಲು ಕಾಯುವ ಇನ್ನೊಂದು ಸಾಧನವನ್ನು ನಾವೇ ಕೈಗಿಟ್ಟ ಹಾಗಲ್ಲವೇ? ಅಕ್ಕನ ಮುಂದೆ ಹೇಳಿದೆ. ಅವಳು ಕಚೇರಿಯಿಂದ ಬಂದು ಇನ್ನೂ ಬ್ಯಾಗು ಇಳಿಸಿರಲಿಲ್ಲ.

"ಗುಂಡಿ ಯಾರ ಕೈಯಾಗೈತೆ?"

"ನಿನ್ನ ಕೈಯಲ್ಲಿ."

"ಒತ್ತದಿದ್ರೆ?"

"ಏನೂ ಹೋಗಲ್ಲ."

"ಅವ್ರು ನೋಡಬೇಕು ಅಂದ್ರೆ ನೋಡಾಕೆ ಬರ್ತೈತಾ, ನಾನೆಲ್ಲಿದ್ದೀನಿ ಅಂತ?"

"ಇಲ್ಲ."

"ಹಂಗೇ ಇಡು. ನಾನು ಹೇಳೋದು ಬ್ಯಾರೆ, ಅವ್ರು ನೋಡೋದು ಬ್ಯಾರೆ. ನೋಡೋ ಹಂಗೆ ಮಾಡಿದ ದಿನ ನಾನೇ ನಿನ್ನ ಆ್ಯಪ್ ಮುಚ್ಚಿಸ್ತೀನಿ." ಆಮೇಲೆ ಬ್ಯಾಗು ಇಳಿಸಿ ಸೇರಿಸಿದಳು. "ಮತ್ತೆ, ನಿಮ್ಮ ಭಾವಂಗೂ ಒಂದು ಹಾಕ್ಕೊಡು. ಅವ್ರು ಮುಟ್ಟಿದ್ದು ನಂಗೂ ತಿಳೀಲಿ."

ಆ ಷರತ್ತನ್ನು ಇಂದಿಗೂ ಮುರಿದಿಲ್ಲ. ಗಂಡ ಎಲ್ಲಿದ್ದಾನೆ, ಮಗಳು ಎಲ್ಲಿದ್ದಾಳೆ ಎಂದು ನೋಡುವ ಸೌಲಭ್ಯ ಕೊಡಿ ಎಂದು ಬಹಳ ಜನ ಕೇಳಿದರು, ಈಗಲೂ ಕೇಳುತ್ತಾರೆ. ಅದನ್ನು ಕೊಟ್ಟರೆ ಗ್ರಾಫ್ ಏರುತ್ತದೆ ಎಂದು ನನಗೂ ಗೊತ್ತು. ಇಲ್ಲ ಎಂದೇ ಹೇಳುತ್ತೇವೆ.

ಯುಗಾದಿ ಬಂತು. ಬೇವು ಬೆಲ್ಲ ಹಂಚಿದ ಮೇಲೆ ಗೆಳೆಯ ಭಾನುವಳ್ಳಿಯಿಂದ ಬೈಕಿನಲ್ಲಿ ಬಂದು, ಫೋನನ್ನು ನನ್ನ ಮುಂದಿಟ್ಟ. ಗ್ರಾಫ್ ಏರಿರಲಿಲ್ಲ. ಆದರೆ ಇಳಿಯುವುದೂ ನಿಂತಿತ್ತು. ಬಂದವರು ಕಡಿಮೆ, ಬಂದವರಲ್ಲಿ ಬಿಟ್ಟುಹೋದವರು ಇನ್ನೂ ಕಡಿಮೆ. ಬೆಳಿಗ್ಗೆ ಬಸ್ಸುಗಳ ಹೊತ್ತಿಗೆ ಗೆರೆ ಎದ್ದು ನಿಲ್ಲುತ್ತಿತ್ತು, ಸಂಜೆ ಮತ್ತೊಮ್ಮೆ.

"ನೀರೈತೆ" ಎಂದೆ.

"ಐತೆ, ಪಾದ ಮುಳುಗೋವಷ್ಟು." ಫೋನನ್ನು ಜೇಬಿಗೆ ಇಳಿಸುತ್ತಾ, "ಗುತ್ತೂರಿನ ಕೆಲ್ಸಕ್ಕೆ ಹೂಂ ಅಂದೀನಲೇ" ಎಂದ.

ಮುಚ್ಚುವ ಮಾತಿಗೆ ನಾನು ಕಾದೆ. ಅವನು ಹೇಳಲಿಲ್ಲ. ನಾನೇ ಹೇಳಿದೆ, ಹಗಲು ನಾನು ನೋಡಿಕೊಳ್ಳುತ್ತೇನೆ, ಸಂಜೆ ಅವನು ಬಂದು ಕೂತರೆ ಸಾಕು, ಅವನು ಬರದಿದ್ದರೆ ಕೋಡ್ ಬರೆಯುವುದನ್ನು ನಾನೇ ಕಲಿಯುತ್ತೇನೆ, ಮುಚ್ಚುವುದಿಲ್ಲ.

"ನೀನು ಕಲಿಯೋದು ಬ್ಯಾಡ. ಇರೋದೂ ಕೆಡ್ತೈತೆ. ಸಂಜಿ ಬರ್ತೀನಿ" ಎಂದ. ಹೋಗಿ ಭಾನುವಳ್ಳಿ ಮುಟ್ಟಿದ ಮೇಲೆ ನನಗೆ 'ಮುಟ್ಟಿದೆ' ಬಂತು. ನಾನು 'ಸರಿ' ಒತ್ತಿದೆ. ನಮ್ಮಿಬ್ಬರ ನಡುವೆ ಅದು ಮೊದಲನೆಯದು ಎಂದು ನನ್ನ ನೆನಪು, ಇದೂ ತಪ್ಪಿರಬಹುದು.

ಈಗಲೂ ಆ್ಯಪ್ ನಡೆಯುತ್ತಿದೆ. ದೊಡ್ಡದಾಗಿಲ್ಲ. ಜವಳಿಯವರು, ಗಿರಣಿಯವರು ಇಬ್ಬರೂ ವಾಪಸು ಬಂದಿದ್ದಾರೆ, ಒಬ್ಬರನ್ನೊಬ್ಬರು ಆರಿಸಿಕೊಂಡಿದ್ದಾರೆ. ಪಾರ್ಕಿಗೆ ಮೊದಲು ಬಂದವರು 'ಮುಟ್ಟಿದೆ' ಒತ್ತುತ್ತಾರೆ, ಇನ್ನೊಬ್ಬರು ಮನೆಯಿಂದ ಹೊರಡುತ್ತಾರೆ. ಗಿರಣಿಯವರ 'ಸರಿ' ತಡವಾದರೆ ಜವಳಿಯವರು ನನಗೆ ಫೋನ್ ಮಾಡಿ ಆ್ಯಪ್ ಕೆಟ್ಟಿದೆಯೇ ಎಂದು ವಿಚಾರಿಸುತ್ತಾರೆ. ನಡೆದವರು ಯಾರು, ಬೆಂಚಿನ ಮೇಲೆ ಕೂತವರು ಯಾರು ಎಂದು ಈಗ ಯಾರೂ ಕೇಳುವುದಿಲ್ಲ.

ಹೊಸ್ತಿಲಿನ ವಿಷಯ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಉಳಿದ ಮಾತುಗಳಿಗೆ ಸಾಕ್ಷಿ ಹುಡುಕಲು ದಾರಿಯಿರಲಿಲ್ಲ, ಇದೊಂದಕ್ಕಿತ್ತು. ಹಳೆಯ ಆ್ಯಪನ್ನು, ಧ್ವನಿಯ ಸಮೇತ, ಒಂದು ಹಳೆಯ ಫೋನಿಗೆ ಹಾಕಿ, ಅಕ್ಕನ ಮನೆಯನ್ನೇ ಅದರ ಮನೆ ಎಂದು ಗುರುತು ಹಾಕಿದೆ. ಒಂದು ರಾತ್ರಿ ಅಕ್ಕನ ಮನೆಯಲ್ಲೇ ಉಳಿದು, ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ತಿಂದು, ಅವಳು ಹೊರಡುವ ಹೊತ್ತಿಗೆ ಫೋನನ್ನು ಬ್ಯಾಗಿನಲ್ಲಿಟ್ಟುಕೊಂಡು ಎದ್ದೆ. ಹೊಸ್ತಿಲ ಹತ್ತಿರ ಒಂದು ಕಾಲಿಗೆ ಚಪ್ಪಲಿ ಹಾಕಿದೆ. ಇನ್ನೊಂದು ಕಾಲು ಒಳಗೇ ಇತ್ತು.

"ಎಲ್ಲಿಗೆ ಹೊಂಟ್ರಿ?" ಎಂದು ಬ್ಯಾಗಿನೊಳಗಿಂದ ಗೆಳೆಯ ಒದರಿದ.

"ನೋಡು, ಮತ್ತೆ ಬಂದ ಅವ್ನು!" ಎಂದು ಅಡುಗೆಮನೆಯಿಂದ ಅಕ್ಕನ ಅತ್ತೆ ಕೂಗಿದರು. "ಒಳಗೆ ಬಾರಪ್ಪ, ಕೂತು ನೀರು ಕುಡಿದು ಹೋಗು."

ಕೂತು ನೀರು ಕುಡಿದೆ. ಅಕ್ಕ ಬಸ್ಸಿಗೆ ಹೋದಳು, ನಗುವ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು. ಕಾರಣವನ್ನು ಸಂಜೆ ಗೆಳೆಯನೊಂದಿಗೆ ಕೂತು ಹುಡುಕಿದೆ. ಕಾಂಕ್ರೀಟಿನ ಆ ಮನೆಯ ಒಳಗೆ ಫೋನಿಗೆ ತನ್ನ ಜಾಗ ಸರಿಯಾಗಿ ತಿಳಿಯುವುದಿಲ್ಲ. ಬಾಗಿಲಿಗೆ ಬಂದು ಆಕಾಶ ಕಂಡಾಗ ಲೆಕ್ಕ ಒಮ್ಮೆಲೇ ಜಿಗಿದು, ತಿರುವು ದಾಟಿದೆ ಎಂದುಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಹೋಗಿ ಅದೇ ಜಾಗದಲ್ಲಿ ನಿಂತು ನೋಡಿದೆ. ಮತ್ತೆ ಕೇಳಿತು. ಅಕ್ಕ ಹೇಳಿದ್ದು ನಿಜ. ಅದು ತಿರುವಿನಲ್ಲಲ್ಲ, ಹೊಸ್ತಿಲ ಮೇಲೆಯೇ ಕೇಳುತ್ತಿತ್ತು.